ಓದುಗರ ಪ್ರಶ್ನೆ: ತುದಿ ಮುರಿದ ಕಿಸೆ ಚಾಕು ಕಂಪನಿಗೆ ಕಳಿಸಬೇಕೆ?

ಪ್ರಶ್ನೆ: ಸ್ವಿಸ್ ಕಂಪನಿಯ ಕೆಂಪು ಹಿಡಿಯ ಮಡಚುವ ಚಾಕು ಇದೆ. ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಯ ಮುಚ್ಚಳ ಮೀಟುವಾಗ ದೊಡ್ಡ ಅಲಗಿನ ತುದಿ 4 ಮಿ.ಮೀ. ಮುರಿಯಿತು. ಲೈಫ್‌ಟೈಮ್ ಗ್ಯಾರಂಟಿ ಇದೆ, ಪುಕ್ಕಟೆ ಹೊಸದೇ ಬರುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ನಿಜವೇ?
— ಬ.ಶಿ., ಸಿಂಧನೂರು

ಉತ್ತರ: ಗ್ಯಾರಂಟಿ ಇರುವುದು ನಿಜ, ಪುಕ್ಕಟೆ ಹೊಸದು ಬರುವುದು ಅಂಗಡಿಯ ಮಾತು. ವಿಕ್ಟೋರಿನಾಕ್ಸ್ ಕೊಡುವ ಜೀವಿತಾವಧಿ ಭರವಸೆ ಉಕ್ಕಿನ ದೋಷಕ್ಕೆ ಮತ್ತು ತಯಾರಿಕೆಯ ದೋಷಕ್ಕೆ ಮಾತ್ರ. ಬಳಸಿ ಸವೆದದ್ದು, ತಪ್ಪು ಕೆಲಸಕ್ಕೆ ಹಚ್ಚಿ ಮುರಿದದ್ದು ಅದರಲ್ಲಿ ಬರುವುದಿಲ್ಲ. ನಿಮ್ಮದು ಎರಡನೆಯ ಜಾತಿ. ಈ ಚಾಕುವಿನ ಅಲಗನ್ನು ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 56ಕ್ಕೆ ಹದ ಮಾಡಿರುತ್ತಾರೆ. ಹರಿತ ನಿಲ್ಲಲು ಅಷ್ಟು ಗಡಸು ಬೇಕು, ಆದರೆ ಪಕ್ಕಕ್ಕೆ ಮೀಟಿದರೆ ಅದು ಬಾಗದೆ ಚಟ್ಟನೆ ಮುರಿಯುತ್ತದೆ. ಅದೇ ಚಾಕುವಿನ ಸ್ಕ್ರೂ ಡ್ರೈವರನ್ನು 52ಕ್ಕೇ ನಿಲ್ಲಿಸಿರುತ್ತಾರೆ, ತಿರುಚುವ ಒತ್ತಡ ತಾಳಲಿ ಎಂದು. ಮುಚ್ಚಳ ಮೀಟಬೇಕಾದ್ದು ಅದರಿಂದ.

ಹಾಗಂತ ಕಂಪನಿಯ ದಾರಿ ಮುಚ್ಚಿಲ್ಲ. ದುಡ್ಡು ಕೊಟ್ಟು ದುರಸ್ತಿ ಮಾಡಿಸಬಹುದು. ಪಾರ್ಸಲ್ಲನ್ನು ನೇರ ಸ್ವಿಟ್ಜರ್ಲೆಂಡಿಗೆ ಕಟ್ಟಬೇಡಿ. ಭಾರತದ ಸೇವಾ ವಿಭಾಗಕ್ಕೆ ಮೊದಲು ಬರೆಯಿರಿ. ಮೂರು ಫೋಟೊ ಸಾಕು: ಎಲ್ಲಾ ಬಿಚ್ಚಿಟ್ಟ ಚಾಕು, ಮುರಿದ ಜಾಗ ಹತ್ತಿರದಿಂದ, ಅಲಗಿನ ಬುಡದ ಅಚ್ಚು. ಮಡಚಿದಾಗಿನ ಉದ್ದ ಎಷ್ಟು ಮಿ.ಮೀ. ಎಂದು ಬರೆಯಿರಿ. ಮುರಿದದ್ದು ಹೇಗೆಂದು ಇದ್ದದ್ದು ಇದ್ದ ಹಾಗೆ ಹೇಳಿ. ಮುರಿದ ಮುಖ ನೋಡಿದರೆ ಅವರಿಗೆ ಹೇಗೂ ತಿಳಿಯುತ್ತದೆ, ಸುಳ್ಳಿನಿಂದ ಪತ್ರ ವ್ಯವಹಾರ ಉದ್ದವಾಗುವುದಷ್ಟೇ ಲಾಭ. ಖರ್ಚೆಷ್ಟೆಂದು ಲಿಖಿತವಾಗಿ ಬಂದ ಮೇಲೆ ಕಳಿಸಿ.

ಕಳಿಸುವ ಮೊದಲು ಹಲ್ಲುಕಡ್ಡಿ, ಚಿಮಟ ತೆಗೆದಿಟ್ಟುಕೊಳ್ಳಿ. ಚಾಕು ತೊಳೆದು ಒಣಗಿಸಿ, ಮಡಚಿ, ದಪ್ಪ ರಟ್ಟಿನಲ್ಲಿ ಸುತ್ತಿ ಟೇಪ್ ಹಾಕಿ, ಆಮೇಲೆ ಡಬ್ಬಿಗೆ ಇಡಿ. ಸ್ಪೀಡ್ ಪೋಸ್ಟ್ ರಸೀದಿ ಕಳೆಯಬೇಡಿ. ಇನ್ನೊಂದು ಮಾತು ಚೀಟಿಯಲ್ಲಿ ಸ್ಪಷ್ಟವಾಗಿರಲಿ: «ಇದನ್ನೇ ದುರಸ್ತಿ ಮಾಡಿ, ಬದಲಿ ಚಾಕು ಬೇಡ» ಅಥವಾ «ಬದಲಿ ಆದರೂ ಸರಿ». ಅಲಗು ಬದಲಿಸಬೇಕೆಂದರೆ ಹಿತ್ತಾಳೆ ರಿವಿಟ್ ಹೊಡೆದು ಇಡೀ ಚಾಕು ಬಿಚ್ಚಬೇಕು, ಹಿಡಿಯ ಪಟ್ಟಿ ಕಳಚಲೇಬೇಕು. ಹಿಡಿಯ ಮೇಲೆ ತಂದೆಯವರ ಹೆಸರು ಕೊರೆಸಿದ್ದರೆ ಅದು ಹೋಗಬಹುದು.

ನಮ್ಮನ್ನು ಕೇಳಿದರೆ 4 ಮಿ.ಮೀ.ಗೆ ಇಷ್ಟೆಲ್ಲ ಬೇಕಿಲ್ಲ. ಊರಲ್ಲೇ ತುದಿ ತಿದ್ದಿಸಬಹುದು, ಆದರೆ ಸಾಣೆ ಹಿಡಿಯುವವರಿಗೆ ಒಂದು ಮಾತು ಹೇಳಿ: ತೆಗೆಯಬೇಕಾದ್ದು ಅಲಗಿನ ಬೆನ್ನಿನ ಕಡೆಯಿಂದ, ಬಾಯಿಯ ಕಡೆಯಿಂದಲ್ಲ. ಬೆನ್ನನ್ನು ಇಳಿಜಾರು ಮಾಡಿ ಬಾಯಿಗೆ ಸೇರಿಸಿದರೆ, ಮಡಚಿದಾಗ ಹೊಸ ತುದಿ ಹಿಡಿಯೊಳಗೆ ಅಡಗುತ್ತದೆ. ಬಾಯಿಯಿಂದ ತೆಗೆದರೆ ತುದಿ ಮೇಲೇರಿ ಹಿಡಿಯಿಂದ ಹೊರಗೆ ನಿಲ್ಲುತ್ತದೆ. ಕಿಸೆಗೆ ಕೈ ಹಾಕಿದಾಗ ಮೊದಲು ಚುಚ್ಚುವುದು ಬೆರಳಿಗೇ. ಕರೆಂಟಿನ ಸಾಣೆಗೆ ಹಿಡಿದರೆ ಪ್ರತಿ ಸಲ ತಾಗಿಸಿ ನೀರಿಗೆ ಅದ್ದಬೇಕು. ಅಲಗು ನೀಲಿ ತಿರುಗಿತೆಂದರೆ ಆ ಜಾಗದ ಹದ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕೊನೆಗೆ ಕಲ್ಲಿನ ಮೇಲೆ ಒಂದೊಂದು ಮಗ್ಗುಲಿಗೆ 15ರಿಂದ 20 ಡಿಗ್ರಿ ಓರೆಯಲ್ಲಿ ಮಸೆಯಿರಿ. ಒಮ್ಮೆ ಹೀಗೆ ತಿದ್ದಿದ ಅಲಗಿಗೆ ಮುಂದೆ ಗ್ಯಾರಂಟಿ ಕೇಳುವ ಹಾಗಿಲ್ಲ.

ಪ್ರಶ್ನೆ: ದಾಳಿಂಬೆ ತೋಟದಲ್ಲಿ ಬಳಸುವ ಚಾಕು ಬಿಗಿಯಾಗಿದೆ, ಉಗುರು ಮುರಿದರೂ ತೆರೆಯುವುದಿಲ್ಲ. ಸ್ಟೇನ್‌ಲೆಸ್ ಎಂದು ಬರೆದಿದ್ದರೂ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ ಬಂದಿವೆ. ಇದು ಕಂಪನಿಯ ದೋಷವಲ್ಲವೇ?
— ಓದುಗರು, ಕುಷ್ಟಗಿ

ಉತ್ತರ: ದುಂಡಾಣು ಅಂಗಮಾರಿ ಹರಡದಿರಲಿ ಎಂದು ಪ್ರತಿ ಗಿಡಕ್ಕೂ ಅಲಗನ್ನು ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದುತ್ತೀರಾ? ಹಾಗಿದ್ದರೆ ದೋಷ ಅಲ್ಲೇ ಇದೆ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಕ್ಲೋರಿನ್ ದ್ರಾವಣ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ, ತುಕ್ಕು ಅಗಲಕ್ಕೆ ಹರಡದೆ ಆಳಕ್ಕೆ ಇಳಿಯುತ್ತದೆ. ಇದನ್ನು ಯಾವ ಕಂಪನಿಯೂ ತಯಾರಿಕೆಯ ದೋಷ ಎಂದು ಒಪ್ಪುವುದಿಲ್ಲ. ಸವರುವ ಕೆಲಸಕ್ಕೆ ಬೇರೆ ಕತ್ತರಿ ಇಡಿ. ಚಾಕುವೇ ಬೇಕೆಂದರೆ 70% ಸ್ಪಿರಿಟ್‌ನಲ್ಲಿ ಒರೆಸಿ.

ಬಿಗಿಗೆ ಕಾರಣ ಒಣಗಿದ ರಸ ಮತ್ತು ಎರೆಮಣ್ಣಿನ ಧೂಳು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಚಾಕುವನ್ನು ಹತ್ತು ನಿಮಿಷ ನೆನೆಸಿ, ನೀರಿನೊಳಗೇ ಇಪ್ಪತ್ತು ಸಲ ತೆರೆದು ಮಡಚಿ. ಸಂದಿಯ ಕೆಸರನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಕೀಲಿಗೆ ಒಂದೇ ಹನಿ ಎಣ್ಣೆ. ಶೇಂಗಾ ಎಣ್ಣೆ ಬೇಡ, ಕೆಲವು ವಾರದಲ್ಲಿ ಅಂಟಾಗಿ ಮತ್ತೆ ಅದೇ ಪಾಡು. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು, ಹಣ್ಣು ಕೊಯ್ದರೂ ಅಪಾಯವಿಲ್ಲ. ಹೆಚ್ಚಾದದ್ದನ್ನು ಒರೆಸಿಬಿಡಿ, ಇಲ್ಲವಾದರೆ ಧೂಳು ಕೂತು ಅರೆಯುವ ಪೇಸ್ಟ್ ಆಗುತ್ತದೆ.

ಪ್ರಶ್ನೆ: ಹಿಡಿಯ ಒಂದು ಕೆಂಪು ಪಟ್ಟಿ ಕಳಚಿ ಬಿತ್ತು. ಫೆವಿಕ್ವಿಕ್ ಹಾಕಲೇ?
— ಮ.ನಾ., ರಾಯಚೂರು

ಉತ್ತರ: ಬೇಡವೇ ಬೇಡ. ಆ ಪಟ್ಟಿ ಅಂಟಿನ ಮೇಲೆ ನಿಂತದ್ದಲ್ಲ. ಒಳಮೈಯ ತೂತುಗಳು ರಿವಿಟ್ಟಿನ ತಲೆಗೆ ಕಚ್ಚಿ ಕೂರುತ್ತವೆ. ಅಂಟು ತೂತು ತುಂಬಿಕೊಂಡರೆ ಹೊಸ ಪಟ್ಟಿಯೂ ಕೂರುವುದಿಲ್ಲ. ಮಡಚಿದ ಉದ್ದ ಅಳೆಯಿರಿ. 58, 84, 91, 111 ಮಿ.ಮೀ. ಹೀಗೆ ಅಳತೆ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಬರದು. ಎಡ–ಬಲದ ಪಟ್ಟಿಗಳೂ ಒಂದೇ ಅಲ್ಲ. ರಿವಿಟ್ ತಲೆ ಒರೆಸಿ, ತೂತುಗಳನ್ನು ಸರಿಯಾಗಿ ಕೂರಿಸಿ, ಎರಡೂ ಕಡೆ ಮರದ ತುಂಡು ಇಟ್ಟು ವೈಸ್‌ನಲ್ಲಿ ನಿಧಾನ ಒತ್ತಿ. ಟಕ್ ಎಂದ ಕೂಡಲೇ ನಿಲ್ಲಿಸಿ. ಸುತ್ತಿಗೆ ಮುಟ್ಟಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಕೊಂಡ ಚಾಕುವಿನ ಸ್ಪ್ರಿಂಗ್ ಮುರಿಯಿತು. ಕಂಪನಿಗೆ ಫೋಟೊ ಕಳಿಸಿದರೆ «ಇದು ನಮ್ಮ ಮಾಲೇ ಅಲ್ಲ» ಎಂದರು. ಈಗ?
— ಓದುಗರು, ಬಳ್ಳಾರಿ

ಉತ್ತರ: ಆ ಉತ್ತರವನ್ನು ಜೋಪಾನ ಮಾಡಿ. ನಕಲಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇನ್ನು ನಿಮ್ಮ ತಕರಾರು ತಯಾರಕರ ಮೇಲಲ್ಲ, ಮಾರಿದವರ ಮೇಲೆ. ಬಿಲ್ಲು, ಆ ಉತ್ತರ, ಜಾಹೀರಾತಿನ ಸ್ಕ್ರೀನ್‌ಶಾಟ್ ಸೇರಿಸಿ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ–ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ಗಡುವು 2 ವರ್ಷ. ಅಲ್ಲಿಯವರೆಗೆ ಚಾಕುವನ್ನು ಯಾರ ಕೈಗೂ ರಿಪೇರಿಗೆ ಕೊಡಬೇಡಿ, ಮುರಿದ ಸ್ಪ್ರಿಂಗ್ ಚೂರನ್ನೂ ಪೊಟ್ಟಣ ಕಟ್ಟಿಡಿ.