ಪರಿಸರ, ಜನರ ಹೊಣೆ ಹೊತ್ತರೆ ಕಂಪನಿ ನಿಜವಾಗಿ ಬೆಳೆಯುತ್ತಾ?

ಪರಿಸರಕ್ಕೆ, ಸಮಾಜಕ್ಕೆ ಅಂತ ಕಂಪನಿ ಮಾಡುವ ಖರ್ಚಿನಿಂದ ವ್ಯಾಪಾರ ಬೆಳೆಯುತ್ತಾ, ಅಥವಾ ಲಾಭ ಕರಗುತ್ತಾ ಎಂದು ಕೇಳಿದ್ದೀರಿ. ಬೆಳೆಯುತ್ತದೆ, ನನಗೆ ಅನುಮಾನವಿಲ್ಲ. ಆದರೆ ವರ್ಷಕ್ಕೊಮ್ಮೆ ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ಬೆಳೆಯುವುದಿಲ್ಲ. ಕಾಳಜಿ ಮಷಿನ್ ಓಡುವ ಜಾಗಕ್ಕೆ ಬರಬೇಕು.

ನಾನು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡಿದವನು. ಊಟದ ಹೊತ್ತಿಗೆ ಎಲ್ಲ ನಿಂತಾಗಲೂ ಒಂದು ಸದ್ದು ಉಳಿಯುತ್ತಿತ್ತು. ಮಷಿನ್‌ಗಳಿಗೆ ಒತ್ತಡದ ಗಾಳಿ ಒಯ್ಯುವ ಪೈಪಿನ ಜಾಯಿಂಟುಗಳಿಂದ ಸುಯ್ಯ್ ಅಂತ. ಬ್ರಶ್‌ನಲ್ಲಿ ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಅಲ್ಲೇ ಲೀಕ್. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಕಂಪ್ರೆಸರ್ (ಗಾಳಿಯನ್ನು ಒತ್ತಿ ಪೈಪಿಗೆ ತುಂಬುವ ಯಂತ್ರ) ಕೊಡುವ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಹೀಗೆ ಸುಮ್ನೆ ಸೋರಿಹೋಗುತ್ತದೆ. ಅದಕ್ಕೆ ಉರಿದ ಕರೆಂಟೂ ದಂಡ, ಆ ಕರೆಂಟಿಗೆ ಸುಟ್ಟ ಇಂಧನವೂ ದಂಡ. ವಾಷರ್ ಬದಲಿಸಿ ಜಾಯಿಂಟ್ ಬಿಗಿ ಮಾಡಿದರೆ ಬಿಲ್ಲು, ಹೊಗೆ ಎರಡೂ ಒಟ್ಟಿಗೆ ಇಳಿಯುತ್ತವೆ.

ಅಮೆರಿಕದ 3ಎಂ ಕಂಪನಿ 1975ರಲ್ಲೇ ಈ ದಾರಿ ಹಿಡಿದಿತ್ತು. 'ಮಾಲಿನ್ಯ ತಡೆದರೆ ಲಾಭ' ಎಂಬ ಅರ್ಥದ ಹೆಸರಿನ ಕಾರ್ಯಕ್ರಮ ಶುರುಮಾಡಿ, ಕೊಳೆ ಹುಟ್ಟದ ಹಾಗೆ ತಯಾರಿಯ ವಿಧಾನವನ್ನೇ ಬದಲಿಸಲು ಹೊರಟರು. ಐಡಿಯಾ ಕೊಟ್ಟಿದ್ದು ನೌಕರರೇ. ಕೋಟ್ಯಂತರ ಡಾಲರ್ ಉಳಿಯಿತು ಎಂದು ಕಂಪನಿ ಹೇಳುತ್ತದೆ. ಆದರೆ ಇದೇ ಕಂಪನಿ ಪಿಎಫ್‌ಎಎಸ್ ಎಂಬ ರಾಸಾಯನಿಕಗಳನ್ನೂ ದಶಕಗಟ್ಟಲೆ ತಯಾರಿಸಿತು. ಅವು ಮಣ್ಣು, ನೀರಿನಲ್ಲಿ ಬೇಗ ನಾಶವಾಗುವುದಿಲ್ಲ. ಕುಡಿಯುವ ನೀರಿಗೂ ಸೇರಿದವು. ಕೊನೆಗೆ 2023ರಲ್ಲಿ ಅಲ್ಲಿನ ನೀರು ಸರಬರಾಜು ಸಂಸ್ಥೆಗಳಿಗೆ 1,000 ಕೋಟಿ ಡಾಲರಿಗೂ ಜಾಸ್ತಿ ಕೊಡಲು ಒಪ್ಪಬೇಕಾಯಿತು. ಒಂದೇ ಕಂಪನಿಯಲ್ಲಿ ಎರಡೂ ಪಾಠ ಇವೆ, ಅಲ್ವಾ? ಹೊಣೆ ಹೊತ್ತ ಕಡೆ ದುಡ್ಡು ಉಳಿಯಿತು, ಹೊರದ ಕಡೆ ತೆರಬೇಕಾದ ಬೆಲೆ ಸಾಲದ ಹಾಗೆ ಬೆಳೆಯುತ್ತಾ ಹೋಯಿತು.

ಜನರ ವಿಷಯದಲ್ಲಿ ಇದು ಇನ್ನೂ ಬೇಗ ಕಾಣುತ್ತದೆ. ನಮ್ಮಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ದರು. ಸದ್ದು ಕೇಳಿಯೇ 'ಈ ಬೇರಿಂಗ್ ಇನ್ನೊಂದು ವಾರ ಬಾಳೋದಿಲ್ಲ' ಎನ್ನುತ್ತಿದ್ದರು. ತಮ್ಮ ಮಷಿನ್‌ಗೆ ಒಂದು ಗಾರ್ಡ್ ಹಾಕಿಸಿಕೊಡಿ, ಕೈ ಸಿಕ್ಕಿಕೊಳ್ಳೋ ಹಾಗಿದೆ ಅಂತ ಎಷ್ಟೋ ಸಲ ಕೇಳಿದರು. ಆಡಳಿತದವರು ಮುಂದಕ್ಕೆ ಹಾಕುತ್ತಲೇ ಬಂದರು. ಬೇಸತ್ತು ಅವರು ಬೇರೆ ಕಡೆ ಹೋದರು. ಆಮೇಲೆ ಆ ಲೈನ್ ಹೇಳದೆ ಕೇಳದೆ ನಿಲ್ಲತೊಡಗಿತು. ಗಾರ್ಡಿನಲ್ಲಿ ಉಳಿಸಿದ ದುಡ್ಡು ಯಾವ ಮೂಲೆಗೂ ಸಾಲಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಹೆಸರಿನಿಂದ ಗಿರಾಕಿ, ಹೂಡಿಕೆದಾರರು ಬರುತ್ತಾರೆ ಅನ್ನುವುದೂ ನಿಜ. ಆದರೆ ಅದು ನಿಧಾನ, ಅಳೆಯುವುದೂ ಕಷ್ಟ.

ನೀವು ಯಾವುದಾದರೂ ಕಂಪನಿಯನ್ನು ನೋಡುತ್ತಿದ್ದರೆ ವರದಿಯ ಚಂದದ ಚಿತ್ರಗಳನ್ನು ದಾಟಿ ಒಳಗೆ ಹೋಗಿ. ಒಂದು ಟನ್ ಸರಕಿಗೆ ಎಷ್ಟು ನೀರು, ಎಷ್ಟು ಕರೆಂಟ್ ಹೋಯಿತು? ಎಷ್ಟು ಜನಕ್ಕೆ ಪೆಟ್ಟಾಯಿತು, ಎಷ್ಟು ಜನ ಕೆಲಸ ಬಿಟ್ಟರು? ಸಣ್ಣ ಸಪ್ಲೈಯರ್‌ಗಳ ಬಿಲ್ಲು ಎಷ್ಟು ದಿನಕ್ಕೆ ಪಾಸಾಯಿತು? ಐದು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟು ಓದಿ.