ಆಟದಲ್ಲಿ ಬಾಸ್ ಕೊಂದಾಗ ಅಪರೂಪದ ಐಟಂ ಬೀಳುವ ಸಾಧ್ಯತೆ (ಡ್ರಾಪ್ ರೇಟ್) 1/500 ಅಂತಾರೆ, ನನಗೆ 600 ಕಿಲ್ ಆದರೂ ಬಿದ್ದಿಲ್ಲ. ನಿಜವಾದ ಡ್ರಾಪ್ ರೇಟ್ ಕಂಡುಹಿಡಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಹಳೆಯ ಶೀಟ್ ಕಣ್ಣೆದುರು ಬಂತು. ಅದೇ 1/500, ಅದೇ ಬರಿಗೈ, ಅದೇ ಅನುಮಾನ. ಮೊದಲು ಅನುಮಾನ ಬಗೆಹರಿಸೋಣ: ಒಂದು ಕಿಲ್‌ಗೆ ಬೀಳದಿರುವ ಸಾಧ್ಯತೆ 0.998; ಅದನ್ನು 600 ಸಲ ಗುಣಿಸಿದರೆ 0.30 ಬರುತ್ತದೆ. ರೇಟ್ ನಿಜವಾಗಿಯೂ 1/500 ಇದ್ದರೂ, 600 ಕಿಲ್ ಮುಗಿಸಿದ ಹತ್ತು ಜನರಲ್ಲಿ ಮೂವರಿಗೆ ಏನೂ ಸಿಕ್ಕಿರುವುದಿಲ್ಲ. 500 ಕಿಲ್‌ಗೆ ಸಿಗುವ ಸಾಧ್ಯತೆ ಬರೀ 63%. 90% ಬೇಕೆಂದರೆ 1151 ಕಿಲ್.

ನಾನು ಎಡವಿದ್ದು ಮಾತ್ರ ಬೇರೆ ಕಡೆ. ಗಿಲ್ಡ್‌ನಲ್ಲಿ (ಒಟ್ಟಿಗೆ ಆಡುವ ನಮ್ಮ ತಂಡದಲ್ಲಿ) ಐಟಂ ಸಿಕ್ಕಿದ್ದ ನಾಲ್ವರನ್ನು "ಎಷ್ಟನೇ ಕಿಲ್‌ಗೆ ಬಿತ್ತು?" ಎಂದು ಕೇಳಿ ಬರೆದುಕೊಂಡೆ: 41, 212, 630, 1117. ಒಬ್ಬೊಬ್ಬರ ರೇಟ್ ಬೇರೆ ಬೇರೆ ತೆಗೆದೆ: 2.44%, 0.47%, 0.16%, 0.09%. ಕೂಡಿಸಿ ನಾಲ್ಕರಿಂದ ಭಾಗಿಸಿದೆ. 0.79%, ಅಂದರೆ ಸುಮಾರು 1/127. ಈ ಲೆಕ್ಕ ನಂಬಿ, 300 ಕಿಲ್ ಮಾಡಿದರೆ ಸಿಗುವ ಸಾಧ್ಯತೆ 90% ಎಂದು ಗಿಲ್ಡ್‌ಗೆಲ್ಲ ಹೇಳಿಬಿಟ್ಟೆ.

ರೇಟ್‌ಗಳ ಸರಾಸರಿ ತೆಗೆಯಲೇಬಾರದು. 41ನೇ ಕಿಲ್‌ಗೆ ಐಟಂ ಸಿಕ್ಕವರು ಅಲ್ಲಿಗೇ ನಿಲ್ಲಿಸಿದರು. ಅವರ 41 ಕಿಲ್‌ಗೂ ಇನ್ನೊಬ್ಬರ 1117 ಕಿಲ್‌ಗೂ ನನ್ನ ಲೆಕ್ಕದಲ್ಲಿ ಒಂದೇ ತೂಕ ಸಿಕ್ಕಿತು. ಅದೃಷ್ಟವಂತರು ಬೇಗ ನಿಲ್ಲಿಸುವುದರಿಂದ ಅವರ ರೇಟ್ ಯಾವಾಗಲೂ ಉಬ್ಬಿರುತ್ತದೆ, ಮತ್ತು ಎಷ್ಟು ಜನರನ್ನು ಸೇರಿಸಿದರೂ ಆ ಉಬ್ಬು ಇಳಿಯುವುದಿಲ್ಲ: ನಿಜವಾದ ರೇಟ್ 1/500 ಇದ್ದು, ಸಾವಿರಾರು ಜನರಿಂದ ಹೀಗೆ ಸರಾಸರಿ ತೆಗೆದರೆ ಉತ್ತರ 1/80ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಟ್ಟು ಡ್ರಾಪನ್ನು ಒಟ್ಟು ಕಿಲ್‌ನಿಂದ ಭಾಗಿಸಬೇಕಿತ್ತು. 4 ಡ್ರಾಪ್, 2000 ಕಿಲ್, 1/500. ಅದರಲ್ಲೂ ಪ್ರತಿಯೊಬ್ಬರೂ ಐಟಂ ಬಿದ್ದ ಕ್ಷಣಕ್ಕೇ ನಿಲ್ಲಿಸಿದ್ದರಿಂದ ಇನ್ನೂ ಸ್ವಲ್ಪ ಉಬ್ಬು ಉಳಿದಿರುತ್ತದೆ. ಅದಕ್ಕೆ ಮದ್ದನ್ನು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1945ರಲ್ಲೇ ಕೊಟ್ಟಿದ್ದಾರೆ: ಮೇಲೂ ಕೆಳಗೂ ಒಂದೊಂದು ಕಳೆಯಿರಿ. 3/1999, ಅಂದರೆ ಸುಮಾರು 1/666.

ಇಷ್ಟಾದರೂ ಲೆಕ್ಕ ಸರಿಯಾಗಲಿಲ್ಲ, ಏಕೆಂದರೆ ನಾನು ಕೇಳಿದ್ದು ಸಿಕ್ಕವರನ್ನು ಮಾತ್ರ. 900 ಮತ್ತು 700 ಕಿಲ್ ಮಾಡಿ ಬರಿಗೈಯಲ್ಲಿದ್ದ ಇನ್ನಿಬ್ಬರು ಅದೇ ಗಿಲ್ಡ್‌ನಲ್ಲಿದ್ದರು. ಅವರನ್ನೂ ಸೇರಿಸಿದರೆ 3600 ಕಿಲ್‌ಗೆ 4 ಡ್ರಾಪ್, 1/900. ರೇಟ್ ಅಷ್ಟಿದ್ದರೆ ನಾನು 90% ಎಂದಿದ್ದ 300 ಕಿಲ್‌ಗೆ ನಿಜವಾದ ಸಾಧ್ಯತೆ 28%. ಆ 1/900 ಕೂಡ ಕೊನೆಯ ಮಾತಲ್ಲ. ನಾಲ್ಕೇ ಡ್ರಾಪ್ ಇಟ್ಟುಕೊಂಡು 95% ಭರವಸೆಯಲ್ಲಿ ಹೇಳಬಹುದಾದದ್ದು "1/350ರಿಂದ 1/3300ರ ನಡುವೆ ಎಲ್ಲೋ ಇದೆ" ಎಂದಷ್ಟೇ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಬ್ಬರ ಕಿಲ್‌ಗಳಿಂದ ಅಪರೂಪದ ಐಟಂನ ನಿಖರ ರೇಟ್ ಹೊರಡುವುದಿಲ್ಲ. ಉತ್ತರ 20% ಆಚೀಚೆಯೊಳಗೆ ಇರಬೇಕೆಂದರೆ ಸುಮಾರು 100 ಡ್ರಾಪ್ ಬೇಕು. 1/500ಕ್ಕೆ ಅದು 50,000 ಕಿಲ್. ನಿಮ್ಮ 600 ಕಿಲ್ ಹೇಳುವುದು ಒಂದೇ ಸಂಗತಿ. ಒಂದೂ ಬೀಳದಿದ್ದಾಗ 3 ಅನ್ನು ಕಿಲ್ ಸಂಖ್ಯೆಯಿಂದ ಭಾಗಿಸಿ: 3/600. ರೇಟ್ ಬಹುತೇಕ 1/200ಕ್ಕಿಂತ ಹೆಚ್ಚಿಲ್ಲ, ಅಷ್ಟೇ. 1/500 ಅನ್ನು ಅದು ಸುಳ್ಳು ಮಾಡುವುದಿಲ್ಲ.

ಅಳೆಯಲೇಬೇಕು ಎಂದಿದ್ದರೆ ಗಿಲ್ಡ್ ಸೇರಿ ಅಳೆಯಿರಿ. ಒಬ್ಬೊಬ್ಬರು ಎಷ್ಟು ಕಿಲ್ ಎಂದು ಮೊದಲೇ ಗೊತ್ತು ಮಾಡಿ, ಐಟಂ ಮೂರನೇ ಕಿಲ್‌ಗೇ ಬಿದ್ದರೂ ಆ ಸಂಖ್ಯೆ ಮುಗಿಸಿ. ಪ್ರತಿ 50 ಕಿಲ್‌ಗೆ ಶೀಟ್‌ನಲ್ಲಿ ಒಂದು ಸಾಲು: ಪ್ಯಾಚ್ (ಆಟದ ಅಪ್‌ಡೇಟ್) ಸಂಖ್ಯೆ, ಸೋಲೋನಾ ಪಾರ್ಟಿನಾ, ಲೂಟ್ (ಬೀಳುವ ಐಟಂ) ಬೋನಸ್ ಎಷ್ಟು, ಅಪರೂಪದ ಐಟಂ ಎಷ್ಟು, ಜೊತೆಗೆ ಒಂದು ಸಾಮಾನ್ಯ ಐಟಂ ಎಷ್ಟು. ಈ ಕೊನೆಯ ಕಾಲಂ ಬಿಡಬೇಡಿ. 1/10 ಎಂದು ಗೊತ್ತಿರುವ ಐಟಂ 1000 ಕಿಲ್‌ಗೆ 100ರ ಹತ್ತಿರ ಇರಬೇಕು, 80ರಿಂದ 120 ಸಹಜ. 70 ಬಂದಿದ್ದರೆ ಯಾರೋ ಲೂಟ್ ಬರೆಯುವುದನ್ನು ಮರೆತಿದ್ದಾರೆ. ಆ ಶೀಟ್ ಬಿಟ್ಟುಬಿಡಿ.

ಬೋನಸ್ ಬೇರೆ ಬೇರೆ ಇರುವ ಸಾಲುಗಳನ್ನು ಬೆರೆಸಬೇಡಿ. ಸಾಮಾನ್ಯವಾಗಿ 50% ಬೋನಸ್ ಅಂದರೆ 0.2% ಇದ್ದದ್ದು 0.3% ಆಗುತ್ತದೆ. ಪಿಟಿ (ಬಹಳ ಸಲ ಬೀಳದಿದ್ದರೆ ಕೊನೆಗೆ ಖಾತ್ರಿಯಾಗಿ ಕೊಡುವ ನಿಯಮ) ಇರುವ ಆಟಗಳಲ್ಲಂತೂ ಒಟ್ಟು ಭಾಗಾಕಾರ ಮೂಲ ರೇಟ್ ಕೊಡುವುದೇ ಇಲ್ಲ: ಗೆನ್‌ಶಿನ್ ಇಂಪ್ಯಾಕ್ಟ್‌ನ ಕ್ಯಾರೆಕ್ಟರ್ ಬ್ಯಾನರ್‌ನಲ್ಲಿ (ಪಾತ್ರಗಳ ಲಾಟರಿಯಲ್ಲಿ) ಅತಿ ಅಪರೂಪದ ಐದು ನಕ್ಷತ್ರಕ್ಕೆ ಮೂಲ ರೇಟ್ 0.6%, ಆದರೆ 90ನೇ ವಿಶ್‌ಗೆ (ಪ್ರಯತ್ನಕ್ಕೆ) ಖಾತ್ರಿ ಇರುವುದರಿಂದ ಒಟ್ಟಾರೆ 1.6% ಆಗುತ್ತದೆ. ಅಂಥ ಕಡೆ ಎಷ್ಟನೇ ಸಲಕ್ಕೆ ಬಿತ್ತು ಎಂಬುದನ್ನೂ ಬರೆದಿಡಿ.

ವಿಧಾನದ ಮೇಲೆ ನಂಬಿಕೆ ಬರಬೇಕಾದರೆ ರೇಟ್ ಗೊತ್ತಿರುವ ಐಟಂ ಮೇಲೆ ಒಮ್ಮೆ ಓಡಿಸಿ ನೋಡಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಅಬಿಸಲ್ ಡೀಮನ್ ಎಂಬ ರಾಕ್ಷಸ ಕೊಡುವ ಅಬಿಸಲ್ ವಿಪ್ ಎಂಬ ಚಾವಟಿಯ ರೇಟ್ 1/512. ಗಿಲ್ಡ್‌ನ ಶೀಟ್ ಆ ಸಂಖ್ಯೆಯ ಹತ್ತಿರ ಬರದಿದ್ದರೆ ನಿಮ್ಮ ಬಾಸ್ ಮೇಲೆ ಶುರು ಮಾಡಬೇಡಿ. ಶುರು ಮಾಡಿದ ಮೇಲೆ ನಡುವೆ ಪ್ಯಾಚ್ ಬಂದು ಲೂಟ್ ಟೇಬಲ್ ಬದಲಾದರೆ ಎಣಿಕೆ ಸೊನ್ನೆಯಿಂದ, ಹೊಸ ಶೀಟ್‌ನಲ್ಲಿ.