ವಾರಿಯ ದಾರಿಗೆ ಯಾವ ರೇನ್‌ಕೋಟು, ಯಾವ ಪಾದರಕ್ಷೆ?

ಪ್ರಶ್ನೆ: ಆಷಾಢ ಏಕಾದಶಿಗಾಗಿ ಜ್ಞಾನೇಶ್ವರ ಮಹಾರಾಜರ ಪಾಲಖಿಯೊಂದಿಗೆ (ಪಲ್ಲಕ್ಕಿಯೊಂದಿಗೆ) ಆಳಂದಿಯಿಂದ ಪಂಢರಪುರದವರೆಗೆ ವಾರಿ, ಅಂದರೆ ವಿಠ್ಠಲನ ದರ್ಶನದ ಕಾಲ್ನಡಿಗೆಯ ಯಾತ್ರೆ, ನಡೆಯಲು ನಾನೂ ನನ್ನ ತಂದೆಯವರೂ ನಿಶ್ಚಯಿಸಿದ್ದೇವೆ. ಅಂಗಡಿಯವರು ನೀರು ಒಳಹೋಗದ ದುಬಾರಿ ಬೂಟು ಮತ್ತು ಪ್ಯಾಂಟಿನ ಜೊತೆಗಿರುವ ರೇನ್‌ಕೋಟು ತೋರಿಸುತ್ತಾರೆ. ವಾರಿ ನಡೆದು ಬಂದ ಊರಿನ ಹಿರಿಯ ವಾರಕರಿಗಳು ಚಪ್ಪಲಿ ಮತ್ತು ಪ್ಲಾಸ್ಟಿಕ್ ಹಾಳೆ ಸಾಕು ಎನ್ನುತ್ತಾರೆ. ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದರೂ ಬರಿಗಾಲಲ್ಲಿ ನಡೆಯುವ ಹಟವಿದೆ. ಏನು ಮಾಡಬೇಕು?
– ಓದುಗರೊಬ್ಬರು, ಅಥಣಿ

ಉತ್ತರ: ಹಿರಿಯರ ಮಾತೇ ಹೆಚ್ಚು ಸರಿ, ಆದರೆ ಪಾದರಕ್ಷೆಯ ವಿಷಯದಲ್ಲಿ ಸ್ವಲ್ಪ ತಿದ್ದುಪಡಿ ಬೇಕು. ಜ್ಯೇಷ್ಠ ಬಹುಳ ಅಷ್ಟಮಿಯಂದು ಆಳಂದಿಯಿಂದ ಹೊರಡುವ ಪಾಲಖಿ ಸುಮಾರು 250 ಕಿಲೋಮೀಟರು ನಡೆದು ಪಂಢರಪುರ ಸೇರುತ್ತದೆ. ಪುಣೆಯನ್ನು ದಾಟಿ ದಿವೆ ಘಾಟಿಯನ್ನು ಹತ್ತಿ ಸಾಸವಡ ಮುಟ್ಟುವವರೆಗೆ ಮಳೆ, ಗಾಳಿ ಎರಡನ್ನೂ ನಿರೀಕ್ಷಿಸಬೇಕು. ಅಲ್ಲಿಂದ ಮುಂದೆ ಜೇಜುರಿ, ಲೋಣಂದ, ಫಲಟಣ, ಮಾಳಶಿರಸದ ದಾರಿಯೆಲ್ಲ ಸಹ್ಯಾದ್ರಿಯ ಮಳೆನೆರಳಿನ ಸೀಮೆಯಾದ್ದರಿಂದ, ಒಂದು ಸುರಿತ ಬಂದು ಹೋದ ಮೇಲೆ ಬಿಸಿಲೇ ಕಾಡುವ ದಿನಗಳು ಹೆಚ್ಚು. ಆಗುಂಬೆಯ ಮಳೆಗೆ ಹೊಂದುವ ದಪ್ಪ ಕೋಟನ್ನು ಅಲ್ಲಿಗೆ ಹೊತ್ತೊಯ್ಯುವುದು ವ್ಯರ್ಥ.

ದಪ್ಪ ಪ್ಲಾಸ್ಟಿಕ್ಕಿನ ಕೋಟು, ಪ್ಯಾಂಟು ತೊಟ್ಟು ಗಂಟೆಗಟ್ಟಲೆ ನಡೆದರೆ ಹೊರಗಿನ ಮಳೆಗಿಂತ ಒಳಗಿನ ಬೆವರಿನಿಂದಲೇ ಮೈ ತೊಯ್ಯುತ್ತದೆ. ಹೊಲದಲ್ಲಿ ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಳ್ಳುವಂತೆ ತಲೆಯಿಂದ ಇಳಿಬಿಡುವ, ಬದಿಗಳಲ್ಲಿ ಗಾಳಿಯಾಡುವ ಪೊಂಚೊ ಈ ದಾರಿಗೆ ಹೆಚ್ಚು ಅನುಕೂಲ: ಬೆನ್ನಿನ ಚೀಲವೂ ಅದರೊಳಗೇ ಮರೆಯಾಗುತ್ತದೆ, ಮಳೆ ನಿಂತ ಮೇಲೆ ಒದ್ದೆ ನೆಲಕ್ಕೆ ಹಾಸಿ ಕೂರಲೂ ಬರುತ್ತದೆ. ಕೊಳ್ಳುವಾಗ ಒಳಮಗ್ಗುಲನ್ನು ತಿರುವಿ, ಹೊಲಿಗೆಯ ಮೇಲೆ ಉದ್ದಕ್ಕೂ ಪಟ್ಟಿ ಅಂಟಿಸಿದ್ದಾರೆಯೇ ಎಂದು ನೋಡಿರಿ. ನೀರು ಮೊದಲು ಜಿನುಗುವುದು ಹೆಗಲಿನ ಹೊಲಿಗೆಯಲ್ಲಿ. ರಾತ್ರಿ ಮಲಗುವ ಬಟ್ಟೆಯನ್ನು ಮಾತ್ರ ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಎಷ್ಟೇ ನೆನೆದರೂ ಹಗಲಿನಲ್ಲಿ ಅದನ್ನು ಬಿಚ್ಚದಿರುವುದು ಒಳ್ಳೆಯದು.

ನೀರು ಒಳಹೋಗದ ಬೂಟಿನ ತೊಂದರೆ ಅಂಗಡಿಯಲ್ಲಿ ಕಾಣುವುದಿಲ್ಲ. ಜೋರು ಮಳೆಯಲ್ಲಿ ಕಾಲಿನಗುಂಟ ಇಳಿದ ನೀರು ಮೇಲಿನಿಂದ ಒಳಹೊಕ್ಕರೆ ಹೊರಬರಲು ದಾರಿಯಿರುವುದಿಲ್ಲ. ಬೂಟು ಮರುದಿನವೂ ಆರದೆ, ನೆನೆದು ಬೆಳ್ಳಗಾದ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಆದ್ದರಿಂದ ಜಾಲರಿ ಬಟ್ಟೆಯ ಹಗುರ ವಾಕಿಂಗ್ ಬೂಟಾಗಲಿ, ಹಿಮ್ಮಡಿಗೆ ಪಟ್ಟಿಯಿರುವ ಗಟ್ಟಿ ಸ್ಯಾಂಡಲ್ ಆಗಲಿ ಇರಲಿ. ನನ್ನ ಒಲವು ಸ್ಯಾಂಡಲ್‌ನ ಕಡೆಗೆ: ಬೇಗ ಆರುತ್ತದೆ, ಆರತಿ, ಕೀರ್ತನೆಗಳಿಗೆ ಕಳಚಿಡಲು ಸುಲಭ. ಹವಾಯಿ ಚಪ್ಪಲಿ ಬಿಡಾರದಲ್ಲಿ ತಿರುಗಾಡಲು ಸರಿ. ದಿನವಿಡೀ ನಡೆದರೆ ಅದನ್ನು ಹಿಡಿದುಕೊಳ್ಳಲು ಬೆರಳುಗಳೇ ದಣಿಯುತ್ತವೆ. ನಡೆದು ನಡೆದು ಪಾದ ಊದಿಕೊಳ್ಳುವುದರಿಂದ ಅಳತೆಯನ್ನು ಸಂಜೆಯ ಹೊತ್ತಿಗೆ, ನಡೆಯುವಾಗ ತೊಡುವ ಕಾಲುಚೀಲವನ್ನು ಹಾಕಿಕೊಂಡೇ ನೋಡಿ, ಬೆರಳ ತುದಿಯಲ್ಲಿ ಹೆಬ್ಬೆರಳಿನಗಲ ಜಾಗ ಉಳಿಸಿರಿ. ಹೊಸದನ್ನು ಆಳಂದಿಯಲ್ಲಿ ಮೊದಲ ಬಾರಿಗೆ ಮೆಟ್ಟದೆ, ತಿಂಗಳ ಮೊದಲೇ ಊರಿನಲ್ಲಿ ಪಳಗಿಸಿಕೊಳ್ಳಿರಿ. ಹತ್ತಿಯ ಕಾಲುಚೀಲ ನೀರು ಹಿಡಿದಿಟ್ಟುಕೊಳ್ಳುವುದರಿಂದ ಪಾಲಿಯೆಸ್ಟರ್ ಅಥವಾ ಉಣ್ಣೆ ಬೆರೆತದ್ದನ್ನು ಆರಿಸಿ, ಮಧ್ಯಾಹ್ನದ ತಂಗುವಿಕೆಯಲ್ಲಿ ತಪ್ಪದೆ ಬದಲಾಯಿಸಿರಿ. ಬೆಳಿಗ್ಗೆ ಬೆರಳ ಸಂದಿಗೂ ತೊಡೆಯ ಸಂದಿಗೂ ವ್ಯಾಸಲೀನ್ ಸವರಿಕೊಂಡರೆ, ಒದ್ದೆ ಧೋತರ ಉಜ್ಜುವ ಉರಿಯೂ ತಪ್ಪುತ್ತದೆ. ಪಾದದಲ್ಲಿ ಎಲ್ಲಿಯಾದರೂ ಬಿಸಿ ಎನಿಸಿದ ಕೂಡಲೇ ನಿಂತು ಟೇಪು ಅಂಟಿಸಬೇಕು. ಬೊಬ್ಬೆ ಎದ್ದ ಮೇಲೆ ಅಂಟಿಸಿದರೆ ಅರ್ಧ ಪ್ರಯೋಜನ.

ತಂದೆಯವರ ಬರಿಗಾಲಿನ ಹಟಕ್ಕೆ ಮಾತ್ರ ನಾನು ಸಮ್ಮತಿಸಲಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಹರಳು ಚುಚ್ಚಿದ್ದೂ ಡಾಂಬರು ಸುಟ್ಟದ್ದೂ ತಿಳಿಯದೆ, ಸಣ್ಣ ಗಾಯ ಹುಣ್ಣಾಗಿ ಕಾಲಿಗೇ ಕುತ್ತಾಗಬಹುದು. ಹೊರಡುವ ಮೊದಲು ವೈದ್ಯರಿಗೆ ಪಾದ ತೋರಿಸಿರಿ. ಮುಂಭಾಗ ಮುಚ್ಚಿದ, ಮೆತ್ತನೆಯ ಪಾದರಕ್ಷೆಯನ್ನೇ ಅವರಿಗೆ ಕೊಡಿಸಿರಿ. ಪ್ರತಿ ಸಂಜೆ ದೀಪದ ಬೆಳಕಿನಲ್ಲಿ ಅಂಗಾಲು, ಬೆರಳ ಸಂದಿಗಳನ್ನು ನೀವೇ ನೋಡಿರಿ. ವಿಠ್ಠಲನ ಮುಂದೆ ಹೇಗಿದ್ದರೂ ಬರಿಗಾಲಲ್ಲೇ ನಿಲ್ಲುವುದುಂಟಲ್ಲ!

ಪ್ರಶ್ನೆ: ತಾಯಿಯವರು ಸೀರೆಯುಟ್ಟು, ತಲೆಯ ಮೇಲೆ ತುಳಸಿ ಹೊತ್ತು ನಡೆಯುತ್ತಾರೆ. ಅವರಿಗೆ ಕೊಡೆ ಸಾಲದೇ?
– ಓದುಗರೊಬ್ಬರು, ನಿಪ್ಪಾಣಿ

ಉತ್ತರ: ಸಾಲದು. ತುಳಸಿಕಟ್ಟೆ ಹಿಡಿದ ಕೈಗೆ ಕೊಡೆ ಭಾರ, ದಿಂಡಿಯ (ಒಟ್ಟಾಗಿ ನಡೆಯುವ ವಾರಕರಿಗಳ ತಂಡದ) ಇಕ್ಕಟ್ಟಿನಲ್ಲಿ ಅದರ ಕಡ್ಡಿ ಪಕ್ಕದವರ ಕಣ್ಣಿಗೆ ಅಪಾಯ. ಕುತ್ತಿಗೆಗೆ ಕಟ್ಟಿಕೊಂಡು ಮೊಣಕಾಲಿನವರೆಗೆ ಇಳಿಬಿಡುವ ಪ್ಲಾಸ್ಟಿಕ್ ಹಾಳೆಯೇ ಅವರಿಗೆ ತಕ್ಕದ್ದು. ಸೀರೆ ಬೇಗ ಆರುವ ಸಿಂಥೆಟಿಕ್ ಆಗಿರಲಿ. ಅಂಚು ಕಾಲಿಗೆ ಸುತ್ತಿಕೊಳ್ಳದಂತೆ ಹರಡಿನ ಮೇಲಕ್ಕೆ ಎತ್ತಿ ಉಡಿಸಿರಿ.